ಎರಡು ಕಾರ್ಡಿನಲ್ಲೂ ಇಲ್ಲದ ನಗು

“ನೀನೇನೋ ಹೊಸ ಕ್ಯಾಮೆರಾ ತಗೊಂಡಿದೀಯಂತೆ. ಒಂದಿನ ಬಾ ಮಾರಾಯ, ನನ್ನ ಗೋಡೆ ಫೋಟೋ ಹೊಡೆದುಕೊಟ್ಬಿಡು,” ಎಂದಳು ಚಿಕ್ಕಮ್ಮ, ಭದ್ರಾವತಿಯಿಂದ ಫೋನ್ ಮಾಡಿ.

ಗೋಡೆ ಫೋಟೋ ಎಂದರೆ ಯಾವುದು ಎಂದು ನಮ್ಮ ಮನೆಗಳಲ್ಲಿ ಯಾರೂ ಬಿಡಿಸಿ ಹೇಳುವುದಿಲ್ಲ. ಬದುಕಿದ್ದವರ ಫೋಟೋಗಳು ಆಲ್ಬಮ್ಮಿನಲ್ಲಿರುತ್ತವೆ, ಶೋಕೇಸಿನಲ್ಲಿರುತ್ತವೆ, ಈಗ ಮೊಬೈಲಿನಲ್ಲಿರುತ್ತವೆ. ನಡುಮನೆಯ ಗೋಡೆ ಏರಿ, ಗಾಜಿನ ಮೇಲೆ ವಿಭೂತಿ ಹಚ್ಚಿಸಿಕೊಂಡು, ಗಂಧದ ಹಾರ ಹಾಕಿಸಿಕೊಂಡು ಕೂರುವುದು ಲಿಂಗೈಕ್ಯರಾದ ಮೇಲೆ. ಆ ಫೋಟೋವನ್ನು ಹೋದವರ ಮಕ್ಕಳೋ ಅಳಿಯಂದಿರೋ ಗಡಿಬಿಡಿಯಲ್ಲಿ ಹುಡುಕುತ್ತಾರೆ. ಕಾರ್ಯದ ದಿನ ಹತ್ತಿರ ಬರುತ್ತಿರುತ್ತದೆ, ಒಳ್ಳೆಯದೊಂದು ಸಿಗುವುದಿಲ್ಲ. ಕೊನೆಗೆ ಯಾವುದೋ ಮದುವೆಯ ಗುಂಪಿನಿಂದಲೋ, ಗುರುತಿನ ಚೀಟಿಯಿಂದಲೋ ಒಂದು ಮುಖವನ್ನು ಬಿಡಿಸಿ ತೆಗೆಸಲು ಸ್ಟುಡಿಯೋದವರ ಕೈಗೆ ಕೊಡುತ್ತಾರೆ. ಮುಂದಿನದು ಸ್ಟುಡಿಯೋದವರ ದಯೆ.

ಚಿಕ್ಕಪ್ಪನ ವಿಷಯದಲ್ಲಿ ಹಾಗೇ ಆಯಿತು. ಕಾರ್ಖಾನೆಯಿಂದ ನಿವೃತ್ತರಾದ ದಿನ ಶಾಲು ಹೊದಿಸಿ ತೆಗೆದ ಫೋಟೋ ಒಂದೇ ಸಿಕ್ಕಿದ್ದು. ಶಾಲು ಚೆನ್ನಾಗಿ ಕಾಣುವುದಿಲ್ಲವೆಂದು ಸ್ಟುಡಿಯೋದವರು ಅದನ್ನು ತೆಗೆದು ಕಪ್ಪು ಕೋಟು ತೊಡಿಸಿದರು, ಟೈ ಕಟ್ಟಿದರು, ಬೆನ್ನ ಹಿಂದೆ ನೀಲಿ ಆಕಾಶ ಹರಡಿದರು. ಜೀವಮಾನವಿಡೀ ಕುಲುಮೆಯ ಮುಂದೆ ಬೆವರಿದ ಮನುಷ್ಯ ಈಗ ಗೋಡೆಯ ಮೇಲೆ ಬ್ಯಾಂಕಿನ ಮ್ಯಾನೇಜರರ ಹಾಗೆ ಇದ್ದಾರೆ. “ಯಾರೋ ಬೀಗರು ಬಂದು ಕೂತಂಗಿದೆ. ಕಾಫಿ ಕೊಡ್ಬೇಕು ಅನ್ಸುತ್ತೆ,” ಎನ್ನುತ್ತಾಳೆ ಚಿಕ್ಕಮ್ಮ. ತನಗೆ ಹಾಗಾಗಬಾರದು ಎಂಬುದು ಅವಳ ಹಟ. ತಾನಿರುವಾಗಲೇ, ತನ್ನ ಕಣ್ಣೆದುರೇ, ತನ್ನದೇ ಮುಖ ತಯಾರಾಗಬೇಕು. ಅವಳಿಗೆ ಮಕ್ಕಳಿಲ್ಲ. ಆ ಕೆಲಸಕ್ಕೆ ಉಳಿದವನು ನಾನೊಬ್ಬ.

ನನ್ನ ಹಟ ಬೇರೆಯೇ ಇತ್ತು. ಅದನ್ನು ಹೇಳಲು ಒಂದು ಸೀರೆಯ ಬಣ್ಣದಿಂದ ಶುರುಮಾಡಬೇಕು.

ನನ್ನ ತಾಯಿ, ಎಂದರೆ ಈ ಚಿಕ್ಕಮ್ಮನ ಅಕ್ಕ, ನಾನು ಪ್ರೈಮರಿ ಶಾಲೆಯಲ್ಲಿದ್ದಾಗಲೇ ತೀರಿಕೊಂಡಳು. ಆಗ ನಾವು ದುರ್ಗಿಗುಡಿಯ ಒಂದು ವಠಾರದಲ್ಲಿದ್ದೆವು. ಅವಳ ಬಗ್ಗೆ ನನಗೆ ಕೆಲವು ನೆನಪುಗಳಿವೆ, ಅಥವಾ ಇವೆ ಎಂದುಕೊಂಡಿದ್ದೆ. ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ಯಾರಿಗೋ ಏನೋ ಹೇಳಿ ನಗುತ್ತಿರುವುದು. ನಲ್ಲಿಯ ಕೆಳಗೆ ಬಿಂದಿಗೆ ಇಟ್ಟು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿರುವುದು. ಶಾಲೆಯ ಗೇಟಿನವರೆಗೆ ನನ್ನ ಕೈ ಹಿಡಿದು ಬಂದು, ನಾನು ಒಳಗೆ ಹೋದಮೇಲೂ ಅಲ್ಲೇ ನಿಂತಿರುವುದು. ಎಲ್ಲದರಲ್ಲೂ ಅವಳು ಹಸಿರು ಸೀರೆ ಉಟ್ಟಿದ್ದಾಳೆ. ಸಣ್ಣ ಕೆಂಪು ಅಂಚಿನದು.

ಹೋದ ವರ್ಷ ಚಿಕ್ಕಮ್ಮನ ಮನೆಯಲ್ಲಿ ಊಟ ಮುಗಿಸಿ ಕೂತಿದ್ದಾಗ ಸುಮ್ಮನೆ ಕೇಳಿದೆ. “ಅಮ್ಮಂದು ಒಂದು ಹಸಿರು ಸೀರೆ ಇತ್ತಲ್ಲ ಚಿಕ್ಕಮ್ಮ, ಅದು ಎಲ್ಲಿ ಹೋಯ್ತು?”

“ಯಾವ ಹಸಿರು ಸೀರೆ?”

“ಅದೇ, ನಮ್ಮನೆ ಗೋಡೆ ಫೋಟೋದಲ್ಲಿ ಉಟ್ಟಿರೋದು.”

“ಅಯ್ಯೋ, ಅದು ನನ್ನ ಮದುವೇಲಿ ಉಟ್ಟಿದ್ದು ಕಣೋ. ಆ ಗುಂಪು ಫೋಟೋದಿಂದ್ಲೇ ಅಕ್ಕನ್ನ ಬಿಡಿಸಿ ತೆಗೆಸಿದ್ದು. ಅರಿಶಿನದ ಬಣ್ಣದ್ದು. ಆವಾಗ ಫೋಟೋ ಕಪ್ಪು ಬಿಳುಪು ಅಲ್ವಾ? ಸ್ಟುಡಿಯೋದಲ್ಲಿ ಬಣ್ಣ ಹಚ್ಚೋನು ಹಸಿರು ಹಚ್ಚಿಬಿಟ್ಟ. ಅಕ್ಕಂಗೆ ಹಸಿರು ಕಂಡ್ರೆ ಆಗ್ತಾನೇ ಇರ್ಲಿಲ್ಲ. ಯಾರಾದ್ರೂ ಹಸಿರು ಸೀರೆ ಕೊಟ್ರೆ ನಂಗೆ ದಾಟ್ಸೋಳು.”

ನಾನು ತಟ್ಟೆಯಲ್ಲಿದ್ದ ಬಾಳೆಹಣ್ಣನ್ನು ಸುಲಿಯುವುದು ನಿಲ್ಲಿಸಿದ್ದೆ. ಅವಳು ಎಲೆಗೆ ಸುಣ್ಣ ಹಚ್ಚುತ್ತ ಮುಂದುವರಿಸಿದಳು.

“ಕಣ್ಣೂ ಅಷ್ಟೇ. ಅಕ್ಕನ ಎಡಗಣ್ಣು ಒಂಚೂರು ಸಣ್ಣದು. ನಕ್ರೆ ಪೂರ್ತಿ ಮುಚ್ಕೊಂಬಿಡೋದು, ಬಲಗಣ್ಣು ಮಾತ್ರ ಬಿಟ್ಕೊಂಡಿರೋದು. ಹೆಣ್ಣುಮಗಳು ಕಣ್ಣು ಹೊಡಿತಾಳೆ ಅಂತ ಅಪ್ಪ ಬೈಯೋರು. ಆ ಸ್ಟುಡಿಯೋದೋನು ಎರಡನ್ನೂ ಒಂದೇ ಸಮ ಮಾಡಿ ಕೂರಿಸ್ದ. ನಂದೂ ಹಂಗೇ ಇದೆ, ನೋಡಿಲ್ವಾ ನೀನು?”

ನೋಡಿರಲಿಲ್ಲ. ಹುಟ್ಟಿದಾಗಿನಿಂದ ಕಂಡ ಮುಖ. ಎದುರಿಗೇ ಇತ್ತು. ಬಗ್ಗಿ ನೋಡಿದೆ. ಕನ್ನಡಕದ ದಪ್ಪ ಗಾಜಿನ ಹಿಂದೆ ಎರಡೂ ಕಣ್ಣು ಒಂದೇ ಥರ ದೊಡ್ಡದಾಗಿ ಕಂಡವು.

“ನಗ್ಬೇಕು, ಆವಾಗ ಗೊತ್ತಾಗುತ್ತೆ. ಈಗ ನಗು ಎಲ್ಲಿಂದ ತರ್ಲಿ,” ಎಂದು ಎಲೆ ಬಾಯಿಗಿಟ್ಟುಕೊಂಡಳು.

ನಾನು ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ಓದಿದವನು. ಹಲವು ವರ್ಷ ಕಾಲೇಜಿನಲ್ಲಿ ಅದನ್ನೇ ಪಾಠ ಮಾಡಿದವನು. ನೆನಪು ಎಂದರೆ ಪೆಟ್ಟಿಗೆಯಲ್ಲಿಟ್ಟ ವಸ್ತುವಲ್ಲ, ತೆಗೆದಾಗಲೆಲ್ಲ ಹೊಸದಾಗಿ ಹೊಲಿಯುವ ಬಟ್ಟೆ ಎಂದು ಬೋರ್ಡಿನ ಮುಂದೆ ನಿಂತು ಎಷ್ಟೋ ಸಲ ಹೇಳಿದ್ದೇನೆ. ಯಾರ ನೆನಪನ್ನೂ ನಂಬಬೇಡಿ ಎಂದಾಗ ಹುಡುಗರು ನಗುತ್ತಿದ್ದರು, ನಾನೂ ನಗುತ್ತಿದ್ದೆ. ಆದರೆ ದುರ್ಗಿಗುಡಿಯ ಆ ಅಡುಗೆಮನೆ ಬಾಗಿಲಿನ ಬಗ್ಗೆ ನನಗೆ ಅನುಮಾನವಿರಲಿಲ್ಲ. ಈಗ ಗೊತ್ತಾಯಿತು, ಬಣ್ಣ ಹಚ್ಚುವವನು ಫೋಟೋಕ್ಕೆ ಮಾತ್ರ ಹಚ್ಚಿರಲಿಲ್ಲ. ಅಡುಗೆಮನೆಯ ಬಾಗಿಲಿಗೆ, ನಲ್ಲಿಗೆ, ಶಾಲೆಯ ಗೇಟಿಗೆ ಬಂದು ಅವನು ಹಸಿರು ಬಳಿದು ಹೋಗಿದ್ದ. ಹಾಗಾದರೆ ಆ ಬಾಗಿಲಲ್ಲಿ ನಗುತ್ತಿದ್ದವಳು ನನ್ನ ತಾಯಿಯೋ, ಚೌಕಟ್ಟಿನಿಂದ ಇಳಿದು ಓಡಾಡುತ್ತಿದ್ದ ಫೋಟೋವೋ?

ಪರೀಕ್ಷಿಸಿ ನೋಡಲು ದಾರಿಯಿರಲಿಲ್ಲ. ಮದುವೆಯ ಆ ಗುಂಪು ಫೋಟೋವನ್ನು ಆಲ್ಬಮ್ಮಿನ ಸಮೇತ ಗೆದ್ದಲು ತಿಂದು ಬಹಳ ಕಾಲವಾಗಿತ್ತು. ತಂದೆಯೂ ಹೋಗಿದ್ದರು. ಆ ಮುಖವನ್ನು ಕಂಡವರಲ್ಲಿ ಉಳಿದವಳು ಚಿಕ್ಕಮ್ಮ ಒಬ್ಬಳೇ. ಅವಳ ಮುಖದಲ್ಲೇ ಆ ಕಣ್ಣಿದೆಯಂತೆ. ಅವಳು ನಕ್ಕಾಗ ಒಂದು ಸಲ ಸರಿಯಾಗಿ ಹಿಡಿದರೆ, ಕನಿಷ್ಠ ಅಕ್ಕ ತಂಗಿಯರ ನಗು ಹೇಗಿತ್ತೆಂದು ನೋಡಬಹುದು. ಆಮೇಲೆ ಆ ಬಾಗಿಲಿನ ನೆನಪಿನ ಪಕ್ಕದಲ್ಲಿಟ್ಟು ಹೋಲಿಸಬಹುದು. ಕ್ಯಾಮೆರಾ ಕೊಂಡದ್ದು ಅದಕ್ಕೇ. ಯಾರಾದರೂ ಕೇಳಿದರೆ ಹಕ್ಕಿಗಳ ಫೋಟೋ ತೆಗೆಯಲು ಎನ್ನುತ್ತಿದ್ದೆ.

ನಾನು ಒಂದು ಮನೆಯಲ್ಲಿ ಬಹಳ ದಿನ ನಿಲ್ಲುವವನಲ್ಲ. ದುರ್ಗಿಗುಡಿಯ ಊರಿನಲ್ಲೇ, ಗೋಪಾಳದ ಬಡಾವಣೆಯಲ್ಲಿ ಮೂರು ಮನೆ ಬದಲಾಯಿಸಿ ಈಗ ರವೀಂದ್ರನಗರದ ಒಂದು ಮಹಡಿಯಲ್ಲಿದ್ದೇನೆ. ಹೊಸ ಮನೆಗೆ ಹೋದಾಗ ಮೊದಲು ಹೊಡೆಯುವ ಮೊಳೆ ತಾಯಿಯ ಫೋಟೋದ್ದು. ಎರಡನೆಯ ಮೊಳೆಗೆ ನೇತುಹಾಕಲು ಏನೂ ಇರುವುದಿಲ್ಲ.

ಕ್ಯಾಮೆರಾ ಬಂದ ಸಂಜೆ ಅದರ ಆಟೋಫೋಕಸನ್ನು ಪರೀಕ್ಷಿಸಲು ಕೂತೆ. ಒಳಗೆ ಕನ್ನಡಿಯಿಲ್ಲದ ಈ ಹೊಸ ಮಿರರ್‌ಲೆಸ್ ಕ್ಯಾಮೆರಾಗಳ ದೊಡ್ಡ ಹೆಮ್ಮೆಯೆಂದರೆ, ಎದುರಿಗೆ ಮನುಷ್ಯರಿದ್ದರೆ ಅವು ತಾವಾಗಿಯೇ ಕಣ್ಣು ಹುಡುಕಿ ಅದರ ಮೇಲೆ ಒಂದು ಸಣ್ಣ ಚೌಕ ಕೂರಿಸುತ್ತವೆ. ಆ ಮನುಷ್ಯ ಎತ್ತ ತಿರುಗಿದರೂ ಚೌಕ ಬಿಡುವುದಿಲ್ಲ. ಪರೀಕ್ಷೆಗೆ ಒಬ್ಬ ಮನುಷ್ಯ ಬೇಕು. ನಾನು ಕ್ಯಾಮೆರಾದ ಹಿಂದೆ ಇದ್ದೆ. ಚೌಕ ಕುರ್ಚಿಯ ಬೆನ್ನನ್ನು ಮೂಸಿತು, ಒಣಗಲು ಹಾಕಿದ ಅಂಗಿಯ ಹತ್ತಿರ ಕ್ಷಣ ತಡೆದು ಮುಂದೆ ಹೋಯಿತು, ಕ್ಯಾಲೆಂಡರಿನ ಮೇಲೆ ಅನುಮಾನದಿಂದ ಅಲೆದಾಡಿತು. ಅದು ಹುಡುಕುವ ರೀತಿ ನೋಡಿ ನನಗೆ ಒಂಥರಾ ಆಯಿತು. ಮನೆಗೆ ಬಂದ ನೆಂಟರು ಯಾರೂ ಇಲ್ಲವಾ ಎಂದು ಕೋಣೆ ಕೋಣೆ ಇಣುಕಿದಂತಿತ್ತು. ಕೊನೆಗೆ ತಾಯಿಯ ಫೋಟೋ ಸಿಕ್ಕಿದ್ದೇ ಚೌಕ ಟಕ್ಕೆಂದು ಅವಳ ಕಣ್ಣಿನ ಮೇಲೆ ಕೂತು ಹಸಿರಾಯಿತು. ನಾನು ಅಡುಗೆಮನೆಯವರೆಗೆ ಹಿಂದೆ ಹಿಂದೆ ಸರಿದೆ, ಅದು ಅಲುಗಲಿಲ್ಲ. ಯಾರೋ ಕುಂಚದಲ್ಲಿ ಬರೆದ ಕಣ್ಣನ್ನು ಅದು ಕಣ್ಣೆಂದೇ ನಂಬಿತ್ತು. ಅದನ್ನು ಬೈಯುವ ಹಕ್ಕು ನನಗಿರಲಿಲ್ಲ.

ಆಮೇಲೆ ಕಾರ್ಡುಗಳು. ಈ ಕ್ಯಾಮೆರಾದಲ್ಲಿ ಎರಡು ಮೆಮೊರಿ ಕಾರ್ಡಿಗೆ ಜಾಗವಿದೆ. ಒಂದರಲ್ಲಿ ಹೊಸದಾಗಿ ತಂದ ವೇಗದ ಕಾರ್ಡ್ ಹಾಕಿದೆ. ಇನ್ನೊಂದರಲ್ಲಿ ಹಳೆಯ ಕ್ಯಾಮೆರಾದ ಕಾರ್ಡನ್ನೇ ಸಿಕ್ಕಿಸಿ, ಪ್ರತಿಯೊಂದು ಚಿತ್ರವೂ ಎರಡರಲ್ಲೂ ದಾಖಲಾಗುವಂತೆ ಮಾಡಿದೆ. ಒಂದು ಕೆಟ್ಟರೆ ಇನ್ನೊಂದು ಇರಲಿ. ತಲೆಯೊಳಗಿನದನ್ನು ನಂಬದವನು ಹೊರಗಿನ ಒಂದೇ ಒಂದು ಬಿಲ್ಲೆಯನ್ನು ಹೇಗೆ ನಂಬುವುದು? ಹಾಗೆ ಮಾಡಿದರೆ ಕ್ಯಾಮೆರಾ ನಿಧಾನದ ಕಾರ್ಡಿಗೆ ಕಾಯುತ್ತ ನಿಲ್ಲುತ್ತದೆ ಎಂದು ಎಲ್ಲೋ ಓದಿದ್ದೆ. ನಾನೇನು ಓಟದ ಕುದುರೆ ಹಿಡಿಯಬೇಕೇ, ಒಬ್ಬ ಮುದುಕಿ ತಾನೇ ಎಂದುಕೊಂಡೆ.

ಭಾನುವಾರ ಬೆಳಿಗ್ಗೆ ಭದ್ರಾವತಿಯ ಬಸ್ಸು ಹತ್ತಿದೆ. ಚಿಕ್ಕಮ್ಮನದು ಜನ್ನಾಪುರದ ಕಡೆ ಎರಡು ಕೋಣೆಯ ಮನೆ, ಮುಂದೆ ಸಣ್ಣ ಜಗುಲಿ. ಅವಳು ಸ್ನಾನ ಪೂಜೆ ಮುಗಿಸಿ, ವಿಭೂತಿ ಇಟ್ಟುಕೊಂಡು, ಇಸ್ತ್ರಿ ಮಾಡಿದ ಸೀರೆಯುಟ್ಟು ಕುರ್ಚಿಯ ಮೇಲೆ ಕೂತಿದ್ದಳು.

“ಇದು ಕಾಫಿ ಬಣ್ಣ. ಸರಿಯಾಗಿ ನೋಡ್ಕೋ. ನಾಳೆ ಹಸಿರು ಅನ್ಬೇಡ,” ಎಂದಳು ನಾನು ಚಪ್ಪಲಿ ಬಿಡುವ ಮೊದಲೇ.

ಕುರ್ಚಿ ಅವಳದೇ ಜಾಗದಲ್ಲಿತ್ತು, ಚಿಕ್ಕಪ್ಪನ ಫೋಟೋದ ಕೆಳಗೆ. ಕಿಟಕಿಯ ಬೆಳಕು ಬೀಳುವುದೂ ಅಲ್ಲಿಗೇ. ಕ್ಯಾಮೆರಾ ಎತ್ತಿದೆ. ಅವಳ ಕನ್ನಡಕದ ತುಂಬ ಕಿಟಕಿ ಹೊಳೆಯುತ್ತಿತ್ತು, ಕಣ್ಣು ಕಾಣುತ್ತಿರಲಿಲ್ಲ. ಚೌಕ ಒಂದು ಕ್ಷಣ ತಡಕಾಡಿ ನೇರ ಮೇಲಕ್ಕೆ ಹಾರಿ ಚಿಕ್ಕಪ್ಪನ ಕಣ್ಣಿಗೆ ಅಂಟಿಕೊಂಡಿತು. ತೆಗೆದೆ. ಪರದೆಯ ಮೇಲೆ ಕೋಟಿನ ಒಂದೊಂದು ಗುಂಡಿಯೂ ಸ್ಫುಟವಾಗಿತ್ತು, ಚಿಕ್ಕಮ್ಮ ಮಂಜಾಗಿದ್ದಳು. ಮತ್ತೆ ತೆಗೆದೆ. ಮತ್ತೆ ಚಿಕ್ಕಪ್ಪ.

“ಏನಾಯ್ತೋ?”

“ಇದು ಚಿಕ್ಕಪ್ಪನ್ನೇ ಹಿಡಿತಿದೆ ಚಿಕ್ಕಮ್ಮ.”

“ಅದಕ್ಕೂ ಅವರೇ ಬೇಕಾ? ಇದ್ದಾಗ್ಲೂ ಹಂಗೇ. ಮನೆಗೆ ಬಂದೋರೆಲ್ಲ ಅವರ ಕಡೆಗೇ ತಿರುಗಿ ಮಾತಾಡೋರು. ನಾನು ಲೋಟ ಹಿಡ್ಕೊಂಡು ನಿಂತಿರ್ತಿದ್ದೆ.”

“ಕನ್ನಡಕ ತೆಗಿ, ಸರಿಹೋಗುತ್ತೆ.”

“ಕನ್ನಡಕ ತೆಗೆದ್ರೆ ನೀನೇ ಕಾಣಲ್ಲ. ಯಾರ ಮುಖ ನೋಡ್ಕೊಂಡು ಕೂರ್ಲಿ ನಾನು?”

ಎಷ್ಟು ಹೇಳಿದರೂ ಕನ್ನಡಕ ತೆಗೆಯಲಿಲ್ಲ. ಕುರ್ಚಿ ಬೇರೆ ಕಡೆ ಹಾಕಿದರೆ ಕತ್ತಲು. ಕಣ್ಣು ಹುಡುಕುವುದನ್ನು ನಿಲ್ಲಿಸುವ ಉಪಾಯ ಆ ಕ್ಯಾಮೆರಾದಲ್ಲಿ ಎಲ್ಲೋ ಇತ್ತು, ಅವತ್ತು ನನ್ನ ಕೈಗೆ ಸಿಗಲಿಲ್ಲ. ಕೊನೆಗೆ ಸ್ಟೂಲು ಹತ್ತಿ ಚಿಕ್ಕಪ್ಪನನ್ನೇ ಗೋಡೆಯಿಂದ ಇಳಿಸಿದೆ. ಫೋಟೋವನ್ನು ನೆಲಕ್ಕಿಡುವಂತಿಲ್ಲ, ಮುಖ ಗೋಡೆಗೆ ಮಾಡಿ ಇಡುವಂತಿಲ್ಲ, ಮಂಚದ ಮೇಲೆ ಮಲಗಿಸಿದರೆ ಚಿಕ್ಕಮ್ಮ ಹೌಹಾರಿದಳು. ಜಗುಲಿಯಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಇತ್ತು. ಅದರ ಮೇಲೆ ಅವರನ್ನು ಹಾರದ ಸಮೇತ, ರಸ್ತೆಗೆ ಮುಖ ಮಾಡಿ ಕೂರಿಸಿ ಬಂದೆ.

ಗೋಡೆ ಖಾಲಿಯಾದ ಮೇಲೆ ಚೌಕಕ್ಕೆ ಬೇರೆ ಗತಿಯಿರಲಿಲ್ಲ. ಅದು ಇಳಿದು ಚಿಕ್ಕಮ್ಮನ ಮುಖಕ್ಕೆ ಬಂತು. ನಾನು ಗುಂಡಿ ಒತ್ತಿ ಹಿಡಿದೆ. ಹೀಗೆ ಹಿಡಿದರೆ ಕ್ಯಾಮೆರಾ ಉಸಿರು ಬಿಡದೆ ಒಂದರ ಮೇಲೊಂದು ಚಿತ್ರ ತೆಗೆಯುತ್ತ ಹೋಗುತ್ತದೆ. ಅವಳು ಕಲ್ಲಿನಂತೆ ಕೂತಿದ್ದಳು. ತುಟಿ ಬಿಗಿದು, ಕತ್ತು ನೆಟ್ಟಗೆ ಮಾಡಿ, ಮದುವೆಯ ದಿನ ಕೂತಿದ್ದ ಹಾಗೆಯೇ ಇರಬೇಕು. ಸ್ವಲ್ಪ ಸಡಿಲವಾದಾಳು ಎಂದು ಒತ್ತಿಯೇ ಇದ್ದೆ.

ಆಗ ಹೊರಗೆ ಗೇಟು ಕಿರುಗುಟ್ಟಿತು. ಪಕ್ಕದ ಮನೆಯ ಹೆಂಗಸಿನ ದನಿ. ಅವರದು ತಮಿಳು ಮನೆಮಾತು, ಅವಳ ಮಾವನ ಕಾಲಕ್ಕೆ ಕಾರ್ಖಾನೆ ಕೆಲಸಕ್ಕೆ ಬಂದು ನೆಲೆಸಿದವರು.

“ಅಕ್ಕಾ, ಏನಕ್ಕಾ ಇದು? ಅಣ್ಣ ಆಚೆ ಚೇರ್ ಮೇಲೆ ಕೂತಿದಾರೆ? ಒಳಗಡೆ ಏನಾದ್ರು ಜಗಳಾನಾ?”

ಚಿಕ್ಕಮ್ಮನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆಮೇಲೆ ಅವಳು ನಕ್ಕಳು. ಕನ್ನಡಕ ಮೂಗಿನಿಂದ ಜಾರಿ ಮಡಿಲಿಗೆ ಬಿತ್ತು. ತಲೆ ಹಿಂದಕ್ಕೆ ಹೋಯಿತು. ಎಡಗಣ್ಣು ಪೂರ್ತಿ ಮುಚ್ಚಿಕೊಂಡಿತು. ಬಲಗಣ್ಣು ತೆರೆದೇ ಇತ್ತು, ನನ್ನ ಕಡೆಗೇ ನೋಡುತ್ತಿತ್ತು, ಚೌಕ ಅದರ ಮೇಲೆ ಹಸಿರಾಗಿ ಕೂತಿತ್ತು. ನಾನು ಗುಂಡಿ ಒತ್ತುತ್ತಲೇ ಇದ್ದೆ.

ಕ್ಯಾಮೆರಾ ತೆಗೆಯುತ್ತಿರಲಿಲ್ಲ. ಅದರ ಹೊಟ್ಟೆಯಲ್ಲಿ ಸಣ್ಣದೊಂದು ಜಾಗವಿದೆ, ತೆಗೆದ ಚಿತ್ರಗಳು ಅಲ್ಲಿ ಸಾಲಾಗಿ ನಿಂತು ಒಂದೊಂದಾಗಿ ಕಾರ್ಡಿಗೆ ಇಳಿಯಬೇಕು. ಕಲ್ಲುಮುಖದ ಚಿತ್ರಗಳೆಲ್ಲ ಅಲ್ಲಿ ನೂಕುನುಗ್ಗಲು ಮಾಡಿಕೊಂಡು ನಿಂತಿದ್ದವು. ವೇಗದ ಕಾರ್ಡು ಎಂದೋ ತನ್ನ ಪಾಲು ನುಂಗಿ ಕಾಯುತ್ತಿತ್ತು. ಹಳೆಯ ಕಾರ್ಡು ಒಂದೊಂದನ್ನೇ ನಿಧಾನವಾಗಿ ಬರೆದುಕೊಳ್ಳುತ್ತಿತ್ತು. ಮೂಲೆಯಲ್ಲಿ ಕೆಂಪು ದೀಪ ಮಿನುಗುತ್ತಿತ್ತು. ಮತ್ತೆ ಶಟರ್ ಸದ್ದಾದಾಗ ಚಿಕ್ಕಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

“ಅಯ್ಯೋ ಶಿವನೇ, ಜಗಳ ಆಡೋಕಾದ್ರೂ ಇದ್ದಿದ್ರೆ ಚೆನ್ನಾಗಿತ್ತಲ್ಲೇ,” ಎಂದಳು ಹೊರಗಿನವಳಿಗೆ.

ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಚಿತ್ರಗಳನ್ನು ಹಿಂದೆ ಮುಂದೆ ಸರಿಸಿದೆ. ಬಿಗಿದ ತುಟಿ, ಬಿಗಿದ ತುಟಿ, ಬಾಗಿಲ ಕಡೆ ತಿರುಗಿದ ಕತ್ತು. ಅದಾದ ಮೇಲೆ ಸೆರಗಿನಲ್ಲಿ ಮುಚ್ಚಿದ ಮುಖ. ನಡುವೆ ಏನೂ ಇಲ್ಲ. ಒಂದು ಕಾರ್ಡಿನಲ್ಲಿ ಇಲ್ಲದ್ದು ಇನ್ನೊಂದರಲ್ಲಿಯೂ ಅಷ್ಟೇ ಪ್ರಾಮಾಣಿಕವಾಗಿ ಇರಲಿಲ್ಲ.

ನಾನು ನೋಡಿದ್ದೇನೆ, ಅದು ಸಾಲದೇ ಎಂದು ಬೇರೆ ಯಾರಾದರೂ ಸಮಾಧಾನ ಮಾಡಿಕೊಳ್ಳುತ್ತಿದ್ದರು. ನನಗೆ ಆಗಲಿಲ್ಲ. ಎಡಗಣ್ಣು ಮುಚ್ಚುತ್ತದೆ ಎಂದು ಅವಳೇ ಮೊದಲು ಹೇಳಿಬಿಟ್ಟಿದ್ದಳು. ಹೇಳಿದ್ದನ್ನು ಕಾಣುವುದು ಮನುಷ್ಯನ ಕಣ್ಣಿಗೆ ಎಷ್ಟು ಸುಲಭ ಎಂದು ನಾನೇ ಪಾಠ ಮಾಡಿದ್ದೆ. ಅಲ್ಲದೆ ನಾನು ನೋಡಿದ್ದು ನೇರವಾಗಿ ಅವಳನ್ನಲ್ಲ. ಮಿರರ್‌ಲೆಸ್ ಕ್ಯಾಮೆರಾದಲ್ಲಿ ಕಣ್ಣಿಗೊತ್ತಿಕೊಂಡ ಕಿಂಡಿಯೊಳಗೆ ಇರುವುದು ಪುಟ್ಟ ಪರದೆ. ಅವಳ ನಗುವಿನ ಚಿತ್ರವೊಂದು ಆ ಪರದೆಯ ಮೇಲೆ ಹಾದುಹೋಯಿತು, ಎಲ್ಲಿಯೂ ನಿಲ್ಲಲಿಲ್ಲ. ಆಮೇಲೆ ಇನ್ನೊಂದು ಭಯ. ಬಸ್ಸು ಮಾಚೇನಹಳ್ಳಿ ದಾಟುವಾಗ ಕಣ್ಣು ಮುಚ್ಚಿ ಆ ನಗುವನ್ನು ಮತ್ತೆ ತಂದುಕೊಂಡೆ. ಚಿಕ್ಕಮ್ಮ ನಕ್ಕಳು, ತಲೆ ಹಿಂದೆ ಹೋಯಿತು, ಎಡಗಣ್ಣು ಮುಚ್ಚಿತು. ಅವಳ ಸೀರೆ ಆಗಲೇ ಹಸಿರಾಗುತ್ತಿರುವಂತೆ ಅನಿಸಿತು. ಕ್ಯಾಮೆರಾ ತೆರೆದು ನೋಡಿದೆ. ಕಾಫಿ ಬಣ್ಣವೇ ಇತ್ತು.

ಮುಂದಿನ ಭಾನುವಾರ ಹಳೆಯ ಕಾರ್ಡನ್ನು ಮೇಜಿನ ಡ್ರಾಯರಿನಲ್ಲಿ ಬಿಟ್ಟು, ವೇಗದ ಕಾರ್ಡೊಂದನ್ನೇ ನಂಬಿ ಹೋದೆ. ಚಿಕ್ಕಮ್ಮನಿಗೆ ನಿಜ ಹೇಳಿದೆ. ನೀನು ನಕ್ಕದ್ದು ಬಂದಿಲ್ಲ, ಇನ್ನೊಂದು ಸಲ ನಗಬೇಕು, ನನಗೆ ಆ ಕಣ್ಣು ಬೇಕು, ಅಮ್ಮನ ಕಣ್ಣು.

ಅವಳು ತಮಾಷೆ ಮಾಡಲಿಲ್ಲ. ಪಕ್ಕದ ಮನೆಯವಳನ್ನು ಕೂಗಿ ಕರೆದಳು. “ಅವತ್ತು ಏನಂದೆ ನೀನು, ಅದನ್ನೇ ಒಂದ್ಸಲ ಅನ್ನಮ್ಮ. ಹುಡುಗ ಫೋಟೋ ತೆಗೀಬೇಕಂತೆ.” ತಲೆ ನರೆತ ನನ್ನನ್ನು ಹುಡುಗ ಎನ್ನುವವಳು ಈಗ ಅವಳೊಬ್ಬಳೇ.

ಎಲ್ಲವನ್ನೂ ಮತ್ತೆ ಮಾಡಿದೆವು. ಚಿಕ್ಕಪ್ಪನನ್ನು ಇಳಿಸಿ ಜಗುಲಿಯ ಕುರ್ಚಿಯಲ್ಲಿ ಕೂರಿಸಿದೆ. ಪಕ್ಕದ ಮನೆಯವಳು ಗೇಟಿನ ಆಚೆ ಹೋಗಿ ನಿಂತು, ಸೆರಗು ಸರಿಮಾಡಿಕೊಂಡು, ಶಾಲೆಯ ಮಕ್ಕಳು ಪದ್ಯ ಹೇಳುವ ಹಾಗೆ ಕೂಗಿದಳು. “ಅಕ್ಕಾ. ಏನಕ್ಕಾ ಇದು. ಅಣ್ಣ ಆಚೆ ಕೂತಿದಾರೆ. ಜಗಳಾನಾ?”

ಚಿಕ್ಕಮ್ಮ ಹಲ್ಲು ತೋರಿಸಿದಳು. ಎರಡೂ ಕಣ್ಣು ದೊಡ್ಡದಾಗಿ ತೆರೆದಿದ್ದವು. ಚೌಕ ತಪ್ಪದೆ ಕೂತಿತ್ತು, ಕಾರ್ಡು ಒಂದು ಕ್ಷಣವೂ ತಡೆಯಲಿಲ್ಲ, ಎಷ್ಟು ಬೇಕಾದರೂ ತೆಗೆ ಎನ್ನುವಂತೆ ಓಡಿತು.

“ಇನ್ನೊಂದ್ಸಲ ಹೇಳ್ಲಾ ಅಕ್ಕಾ?” ಎಂದಳು ಹೊರಗಿನವಳು.

“ಬೇಡ ಬಿಡಮ್ಮ. ಲೇ, ಅವರನ್ನ ಒಳಗೆ ತಾರೋ. ಬಿಸಿಲು ಬಿತ್ತು ಮುಖಕ್ಕೆ. ಸುಮ್ನೆ ಯಾಕೆ ಆಚೆ ಈಚೆ ಓಡಾಡಿಸ್ತೀಯ.”

ನಾನು ಚಿಕ್ಕಪ್ಪನನ್ನು ತಂದು ಮೊಳೆಗೆ ಹಾಕುವಾಗ ಅವಳು ಕನ್ನಡಕ ತೆಗೆದು ಸೀರೆಯ ಅಂಚಿನಲ್ಲಿ ಒರೆಸುತ್ತಿದ್ದಳು. ದಣಿದಿದ್ದಳು. ನನ್ನ ಕಡೆ ತಿರುಗಿದಳು, ಕಾಣದಿದ್ದರೂ. ಸ್ಟೂಲಿನ ಮೇಲೆ ನಿಂತೇ ಒಂದು ತೆಗೆದೆ. ನಗು ಇರಲಿಲ್ಲ. ನಕ್ಕು ಮುಗಿದ ಮೇಲೆ ಉಳಿಯುವಂಥದ್ದೇನೋ ತುಟಿಯ ಹತ್ತಿರ ಇತ್ತು. ಪರದೆ ತೋರಿಸಿದೆ. ಮೂಗಿನ ಹತ್ತಿರ ಹಿಡಿದು ನೋಡಿದಳು.

“ಇದು ನಾನು. ಇದನ್ನೇ ಮಾಡ್ಸು,” ಎಂದಳು.

ಪ್ರಿಂಟ್ ಹಾಕಿಸಲು ದುರ್ಗಿಗುಡಿಯ ಒಂದು ಸ್ಟುಡಿಯೋಕ್ಕೆ ಹೋದೆ. ನಾವಿದ್ದ ವಠಾರದ ಜಾಗದಲ್ಲಿ ಈಗ ಬಟ್ಟೆ ಅಂಗಡಿ, ಮೇಲೆ ಲಾಡ್ಜು. ಅದರ ಮುಂದೆಯೇ ನಡೆದು ಹೋಗಬೇಕು. ಅಡುಗೆಮನೆ ಎಲ್ಲಿತ್ತು ಎಂದು ಅಂದಾಜು ಮಾಡುವುದನ್ನು ಬಿಟ್ಟಿದ್ದೇನೆ. ಸ್ಟುಡಿಯೋದಲ್ಲಿ ಕಂಪ್ಯೂಟರಿನ ಮುಂದೆ ಕೂತ ಹುಡುಗಿ ಚಿತ್ರವನ್ನು ದೊಡ್ಡದು ಮಾಡಿದಳು. ಚಿಕ್ಕಮ್ಮನ ಮುಖ ಪರದೆ ತುಂಬಿತು. ನಾನು ಏನೂ ಹೇಳಿರಲಿಲ್ಲ.

“ಸರ್, ವಾಲ್‌ಗೆ ಹಾಕೋದಾ?”

“ಹೂಂ.”

“ಅಜ್ಜೀದು ಲೆಫ್ಟ್ ಕಣ್ಣು ಸ್ವಲ್ಪ ಚಿಕ್ಕದಿದೆ ಸರ್. ರೈಟ್ ಕಣ್ಣನ್ನೇ ಕಾಪಿ ಮಾಡಿ ಈ ಕಡೆ ಹಾಕ್ಬಿಡ್ತೀನಿ. ಎರಡೂ ಒಂದೇ ಥರ ಆಗುತ್ತೆ.”

ನಾನು ಕೌಂಟರಿನ ಗಾಜಿನ ಮೇಲೆ ಕೈಯಿಟ್ಟು ನಿಂತೆ. “ಚಿಕ್ಕದಿದೆಯಾ?”

“ಗೊತ್ತಾಗುತ್ತಲ್ಲ ಸರ್. ಇಲ್ಲಿ ನೋಡಿ.” ಬಾಣದ ಗುರುತನ್ನು ಆ ಕಣ್ಣಿನ ಸುತ್ತ ಆಡಿಸಿದಳು. “ಎರಡು ನಿಮಿಷದ ಕೆಲಸ. ಎಲ್ಲರೂ ಮಾಡಿಸ್ತಾರೆ.”

ನನಗೆ ಗೊತ್ತಿಲ್ಲದ, ನನ್ನ ಬಗ್ಗೆ ಏನೂ ಗೊತ್ತಿಲ್ಲದ ಒಬ್ಬಳು, ಕೇಳದೆಯೇ ಹೇಳಿದ ಮಾತು. ಇಷ್ಟು ದಿನದಲ್ಲಿ ನನಗೆ ಸಿಕ್ಕ ಸಾಕ್ಷಿ ಇದೊಂದೇ. ಅವಳಿಗೆ ಕೈಮುಗಿಯಬೇಕೆನಿಸಿತು. ಬೇಡ, ಹಾಗೇ ಇರಲಿ, ಏನನ್ನೂ ಮುಟ್ಟಬೇಡಿ ಎಂದೆ. ಸೀರೆಯ ಬಣ್ಣ ಕೂಡ ಒಂದಿಷ್ಟೂ ಬದಲಾಗಬಾರದು ಎಂದೆ. ಅವಳು ಭುಜ ಕುಣಿಸಿ ಪ್ರಿಂಟ್ ಕೊಟ್ಟಳು. ನನಗಿಂತ ವಿಚಿತ್ರ ಗಿರಾಕಿಗಳನ್ನು ನೋಡಿರುತ್ತಾಳೆ.

ಹೊರಗೆ ಬಂದು ಪಾನಿಪುರಿ ಗಾಡಿಯ ಪಕ್ಕ ನಿಂತಾಗ ಸಂತೋಷ ಇಳಿಯತೊಡಗಿತು. ಸಾಕ್ಷಿ ಸಿಕ್ಕಿದ್ದು ಚಿಕ್ಕಮ್ಮನ ಕಣ್ಣಿನ ಬಗ್ಗೆ. ತಾಯಿಯ ಕಣ್ಣಿಗೆ ಚಿಕ್ಕಮ್ಮನ ಮಾತು ಬಿಟ್ಟರೆ ಬೇರೆ ಏನೂ ಇಲ್ಲ. ಆ ಮಾತೂ ಒಂದು ನೆನಪೇ.

ಕಟ್ಟು ಹಾಕಿಸಿ, ನ್ಯೂಸ್‌ಪೇಪರಿನಲ್ಲಿ ಸುತ್ತಿ ಭದ್ರಾವತಿಗೆ ಒಯ್ದೆ. ಚಿಕ್ಕಮ್ಮ ಕನ್ನಡಕ ಹಾಕಿಕೊಂಡು ನೋಡಿದಳು, ತೆಗೆದು ನೋಡಿದಳು. ತನ್ನ ಎಡಗಣ್ಣಿನ ಮೇಲೆ, ಗಾಜಿನ ಮೇಲೆ, ಬೆರಳಿಟ್ಟಳು.

“ಕೋಟು ಹಾಕ್ಸಿಲ್ವಲ್ಲ, ಪುಣ್ಯ,” ಎಂದಳು. ಆಮೇಲೆ ಅದೇ ಪೇಪರಿನಲ್ಲಿ ಸುತ್ತಿ ನನ್ನ ಕೈಗೇ ಕೊಟ್ಟಳು. “ತಗೊಂಡ್ಹೋಗು. ನಾನಿರೋ ಮನೇಲಿ ಇದನ್ನ ಇಟ್ಕೊಳಕಾಗಲ್ಲ. ನಿನ್ನ ಹತ್ರಾನೇ ಇರ್ಲಿ. ಬೇಕಾದಾಗ ತರ್ತೀಯಲ್ಲ.”

ಹಾಗಾಗಿ ಬದುಕಿರುವವಳ ಗೋಡೆ ಫೋಟೋ ಈಗ ನನ್ನ ಮನೆಯಲ್ಲಿದೆ. ಗೋಡೆಗೆ ಹಾಕುವಂತಿಲ್ಲ. ಬಟ್ಟೆಯ ಬೀರುವಿನಲ್ಲಿ, ಅಂಗಿಗಳ ಹಿಂದೆ ನಿಲ್ಲಿಸಿದ್ದೇನೆ. ಬೆಳಿಗ್ಗೆ ಅಂಗಿ ತೆಗೆಯುವಾಗ ಕಾಗದ ಸರಿಸಿ ಒಮ್ಮೆ ನೋಡುತ್ತೇನೆ. ಗೋಡೆಯ ಮೇಲೆ ಸರಿಮಾಡಿದ ಕಣ್ಣಿನ ತಾಯಿ, ಬೀರುವಿನಲ್ಲಿ ಸರಿಮಾಡದ ಕಣ್ಣಿನ ಚಿಕ್ಕಮ್ಮ. ಆಮೇಲೆ ಟೀ ಮಾಡಿಕೊಂಡು ಕೂತು ಆ ಅಡುಗೆಮನೆ ಬಾಗಿಲನ್ನು ತಂದುಕೊಳ್ಳಲು ನೋಡುತ್ತೇನೆ. ಕೆಲವು ದಿನ ಅಲ್ಲಿ ನಿಂತವಳ ಎಡಗಣ್ಣು ನಕ್ಕಾಗ ಮುಚ್ಚುತ್ತದೆ. ಒಂದೆರಡು ಸಲ ಸೀರೆ ಅರಿಶಿನದ ಬಣ್ಣಕ್ಕೆ ತಿರುಗಿದ್ದೂ ಉಂಟು. ಆಗ ಖುಷಿಯಾಗುವುದಿಲ್ಲ, ಗಾಬರಿಯಾಗುತ್ತದೆ. ಸ್ಟುಡಿಯೋದವನು ಕೆಲಸ ಬಿಟ್ಟು ಬಹಳ ಕಾಲವಾಯಿತು. ಈಗ ಕುಂಚ ಹಿಡಿದವನು ನಾನು.

ನಿನ್ನೆ ಸಂಜೆ ಹಾಗೇ ಕೂತಿದ್ದವನು ಚಿಕ್ಕಮ್ಮನಿಗೆ ಫೋನ್ ಮಾಡಿದೆ. ಕಾರಣವೇನೂ ಇರಲಿಲ್ಲ.

“ಏನೋ, ಈ ಹೊತ್ನಲ್ಲಿ? ಹುಷಾರಾಗಿದೀನಾ ಅಂತ ನೋಡಕ್ಕಾ? ಮೊಳೆ ಗಿಳೆ ಹೊಡೆದ್ಬಿಟ್ಯೇನೋ?”

ಎಂದವಳು ತನ್ನ ಮಾತಿಗೆ ತಾನೇ ನಕ್ಕಳು. ಅವತ್ತಿನದೇ ನಗು. ಶುರುವಾಗಲು ಒಂದು ಗಳಿಗೆ, ಆಮೇಲೆ ತಡೆಯಿಲ್ಲ. ನಾನು ಫೋನನ್ನು ಕಿವಿಗೆ ಒತ್ತಿಕೊಂಡೆ.

“ಚಿಕ್ಕಮ್ಮ, ಈಗ ಕಣ್ಣು ಮುಚ್ಚಿತಾ?”

“ಯಾವುದು?”

“ಎಡಗಣ್ಣು.”

“ನಂಗೇನ್ ಗೊತ್ತೋ ಮಾರಾಯ. ನಗೋವಾಗ ಕನ್ನಡಿ ಹಿಡ್ಕೊಂಡು ಕೂತಿರ್ತೀನಾ? ಬಂದು ನೋಡು.” ಆಮೇಲೆ ಸೇರಿಸಿದಳು. “ಆ ಕ್ಯಾಮೆರಾನೂ ತಾ. ಪಕ್ಕದ ಮನೆಯೋಳೂ ಒಂದು ಹೊಡ್ಸ್ಕೋಬೇಕಂತೆ. ಗೋಡೆಗೆ.”

ಭಾನುವಾರ ಬರ್ತೀನಿ ಎಂದೆ. ಫೋನಿಟ್ಟು, ಕ್ಯಾಮೆರಾದ ಬ್ಯಾಟರಿಯನ್ನು ಚಾರ್ಜಿಗೆ ಹಾಕಿದೆ.